ವೆಂಟ್ ಎಂಬ ದತ್ತುಮಗ

ಆ ದಿನ ನನ್ನ ಹೆಂಡತಿ ದುರ್ಗಾದೇವಿ ನನಗೆ ಬಾಯಿ ತೆರೆಯಲು ಅನುಮತಿ ಕೊಟ್ಟಿದ್ದು ಮಿರ್ಚಿ ತಿನ್ನುವುದಕ್ಕೆ ಮಾತ್ರ. ಹಗರಿಬೊಮ್ಮನಹಳ್ಳಿಯಂಥ ಹಗರಿಬೊಮ್ಮನಹಳ್ಳಿಗೇ ಇಂಗ್ಲಿಷ್ ಕಲಿಸುವ ಮೇಷ್ಟ್ರಿಗೆ ಈ ಗತಿ. ನಮ್ಮ ಮನೆಯಲ್ಲೇ ಇದ್ದು ಡಿಗ್ರಿ ಮುಗಿಸಿದ ನಾದಿನಿ ರೋಜಾಳನ್ನು ನೋಡಲು ಕೊಟ್ಟೂರಿನಿಂದ ಗಂಡಿನವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು. (ಎರಡೂ ಸಲ ಮಾತಾಡಿದ್ದು ನಾನೇ. ಬರೀ ಕಾಕತಾಳೀಯ.)

"ನೋಡ್ರಿ, ಇವತ್ತೇನಾರ ನಿಮ್ಮ ವೆಂಟ್ ಪುರಾಣ ತೆಗದ್ರ ನಾ ತವರುಮನಿಗೆ ಹೋಗೂದಿಲ್ಲ. ನಿಮ್ಮನ್ನ ನಿಮ್ಮವ್ವನ ಮನಿಗೆ ಕಳಸ್ತೀನಿ."

ನಾನು ಮಂಡಕ್ಕಿ ತಟ್ಟೆ ಮುಟ್ಟಿ ಆಣೆ ಮಾಡಿದೆ.

ಗಂಡಿನ ತಂದೆ ಬೊಮ್ಮಪ್ಪನವರು ಕುಳ್ಳಗೆ ದುಂಡಗಿದ್ದ ಗಂಭೀರ ಆಸಾಮಿ. ಹುಡುಗ ಮೈಲಾರೇಶ್ ನೆಲ ನೋಡುತ್ತ ಕೂತಿದ್ದ. "ಡಿಗ್ರಿ ಓದಿದಾಕಿ ಅದೀ, ಇಂಗ್ಲಿಷಿನಾಗ ಒಂದ್ಮಾತು ಆಡವ್ವ," ಎಂದರು ಬೊಮ್ಮಪ್ಪ.

"ಐ ವೆಂಟ್ ಟು ಹಡಗಲಿ," ಎಂದಳು ರೋಜಾ.

ನಾನು ಕಚ್ಚಿದ ಮಿರ್ಚಿಯನ್ನು ತಟ್ಟೆಗಿಟ್ಟೆ. ವಿದ್ಯೆ ಗಂಟಲಿಗೆ ಬಂದಾಗ ಆಣೆ ಎಷ್ಟು ಹೊತ್ತು ತಡೆದೀತು?

"ಆ ವೆಂಟ್ ಐತಲ್ರಿ, ಅದು ಗೋ ಅನ್ನೋ ಕ್ರಿಯಾಪದದ ಹೊಟ್ಟ್ಯಾಗ ಹುಟ್ಟಿದ್ದಲ್ಲ. ಗೋಗೆ ಸ್ವಂತ ಭೂತಕಾಲದ ರೂಪ ಒಂದಿತ್ತು, ಸತ್ತೋತು. ಆಮ್ಯಾಲೆ ಅದು ಪಕ್ಕದ ಮನಿ ವೆಂಡ್ ಅನ್ನೋ ಕ್ರಿಯಾಪದದ ಮಗನ್ನ ದತ್ತು ತಗಂತು. ವೆಂಡ್ ಅಂದ್ರ ಮೊದಲು ತಿರುಗೂದು, ಬರಬರತ ಹೋಗೂದು ಅಂತ ಆತು."

ಬೊಮ್ಮಪ್ಪ ಮಿರ್ಚಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಅದನ್ನೇ ಪ್ರೋತ್ಸಾಹವೆಂದು ತಿಳಿದೆ. "ದತ್ತು ಅಂತ ಯಾರೂ ಹೇಳಬೇಕಿಲ್ರಿ, ಮುಖ ನೋಡಿದ್ರ ಗೊತ್ತಾಕ್ಕೈತಿ. ಗೋ ಹೆಂಗೈತಿ, ವೆಂಟ್ ಹೆಂಗೈತಿ. ಒಂದಕ್ಷರನೂ ಹೋಲೂದಿಲ್ಲ."

ಬೊಮ್ಮಪ್ಪ ತಟ್ಟೆ ಕೆಳಗಿಟ್ಟರು. "ಮೈಲಾರೇಶ ನಮ್ಮ ತಂಗಿ ಮಗ. ನಾವು ದತ್ತು ತಗಂಡೀವಿ."

ಆಗ ನೋಡಿದೆ. ಹುಡುಗ ಆರಡಿ ಉದ್ದ, ಕಡ್ಡಿಯಂತಿದ್ದ. "ವೆಂಟ್ ಭಾಳ ಒಳ್ಳೇ ಹುಡುಗ ರೀ," ಎಂದು ತೇಪೆ ಹಚ್ಚುವಷ್ಟರಲ್ಲಿ ದುರ್ಗಾದೇವಿ ನನ್ನ ಅಂಗಿ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಮೂರನೇದೂ ನುಂಗಿದ್ರಿ," ಎಂದಳು. ಕಣ್ಣಲ್ಲಿ ನೀರಿತ್ತು. ರೋಜಾಳನ್ನು ನೆನೆದು ನನಗೂ ನಿಜವಾಗಿ ಸಂಕಟವಾಯಿತು.

ಅಷ್ಟರಲ್ಲಿ ಪಡಸಾಲೆಯಿಂದ ಬೊಮ್ಮಪ್ಪನವರ ದನಿ ಬಂತು. "ಹುಡುಗಿ ನಮಗ ಒಪ್ಪಿಗಿ ಐತ್ರಿ."

ನಾನು ಎದೆಯುಬ್ಬಿಸಿ ಹೊರಗೆ ಬಂದೆ. "ವೆಂಟ್ ವಿಚಾರ ಹಿಡಿಸ್ತೇನ್ರಿ?"

"ಅದು ತಲೀಗೆ ಹತ್ತಲಿಲ್ರಿ ಮೇಷ್ಟ್ರೇ. ಆದ್ರ ನೀವು ಅಷ್ಟೊತ್ತು ಮಾತಾಡಿದ್ರೂ ಹುಡುಗಿ ಮುಖ ಸಿಂಡರಿಸಲಿಲ್ಲ. ಮೂರು ವರ್ಷದಿಂದ ಇದೇ ಮನ್ಯಾಗ ಅದಾಳಂತ. ನಮ್ಮನ್ಯಾಗ ಎಂಥಾ ಕಷ್ಟ ಬಂದ್ರೂ ತಡಕಂತಾಳ."

"ನಾ ಹದಿನೈದು ವರ್ಷದಿಂದ ಅದೀನ್ರಿ," ಎಂದಳು ದುರ್ಗಾದೇವಿ, ಬಾಗಿಲಲ್ಲಿ ನಿಂತು.

ಬೊಮ್ಮಪ್ಪ ಎದ್ದು ನಿಂತು, ತಲೆಯ ರುಮಾಲು ತೆಗೆದು, ಅವಳಿಗೆ ಕೈಮುಗಿದರು.