ಕವಿಯನ್ನು ಹೊಗಳುವ ಸರದಿ

ಚೀಟಿಯಲ್ಲಿ ಚೀಸ್ ಅಂಗಡಿಯ ಫಿರ್ಮಿನ್ ಗಾಲೋಪನ ಹೆಸರು ಬಂತು. ಉಳಿದವರೆಲ್ಲ ನಿಟ್ಟುಸಿರು ಬಿಟ್ಟ ರಭಸಕ್ಕೆ ಪುರಸಭೆಯ ಪರದೆಗಳೇ ಅಲುಗಿದವು.

ಕವಿ ಕೊರ್ವೋನ ಸಮಾಧಿಯ ಮುಂದೆ ಈ ವರ್ಷ ಭಾಷಣ ಮಾಡುವ ಸರದಿ ಅವನದು. ಕೊರ್ವೋ ಬದುಕಿದ್ದಾಗ ಪಾದ್ರಿಯನ್ನು ಪದ್ಯ ಕಟ್ಟಿ ಬೈದವನು, ಚಕ್ರವರ್ತಿಯ ಚಿತ್ರಕ್ಕೆ ಕತ್ತೆಕಿವಿ ಬರೆದವನು. ಊರಿನವರು ಕಲ್ಲು ಹೊಡೆದು ಓಡಿಸಿದರು. ಇಪ್ಪತ್ತೊಂಬತ್ತಕ್ಕೇ ಸತ್ತ ಮೇಲೆ ಹೆಣ ತಂದು ಇಲ್ಲೇ ಹೂತು, ಅವನ ಹೆಸರಿನಲ್ಲಿ ಬಿಸ್ಕತ್ತು ಮಾರತೊಡಗಿದರು. ಅವನು ಬರೆದ ಕೊನೆಯ ಸಾಲು ಇಷ್ಟೇ: 'ಈ ಊರಲ್ಲಿ ನನ್ನನ್ನು ಹೊಗಳಿದವನನ್ನು ನಾನು ಬಿಡುವುದಿಲ್ಲ.'

ಹೋದ ವರ್ಷ ಹೊಗಳಿದ ಮೇಷ್ಟ್ರು ವಾರದೊಳಗೆ ಊರು ಬಿಟ್ಟಿದ್ದರು. ಅದರ ಹಿಂದಿನ ವರ್ಷದ ಔಷಧಿ ಅಂಗಡಿಯವನು ಈಗಲೂ ದೀಪ ಆರಿಸದೆ ಮಲಗುತ್ತಾನೆ.

ಬೆಳಿಗ್ಗೆ ಪಕ್ಕದ ಬೇಕರಿಯ ಓಡಿಲ್ ಬಂದಳು. “ನಿನ್ನ ಕರೀ ಕೋಟು ಇಸ್ತ್ರಿ ಮಾಡಿ ತಂದಿದೀನಿ ಫಿರ್ಮಿನ್. ಇವತ್ತು ಭಾಷಣಕ್ಕೂ ಆಯ್ತು, ನಾಳೆ ಹೆಣದ ಪೆಟ್ಟಿಗೆಗೂ ಆಯ್ತು.”

“ಅಪಶಕುನ ನುಡೀಬೇಡ ಓಡಿಲಕ್ಕ!”

“ಅಯ್ಯೋ ಪೆದ್ದೇ, ಹೊಗಳಿದ್ರೆ ತಾನೇ ಅವನು ಹಿಡಿಯೋದು? ಬೈದ್ಬಿಡು!”

ಫಿರ್ಮಿನ್‌ನ ಮುಖ ಖುಷಿಗೆ ಒಲೆಯಲ್ಲಿಟ್ಟ ಬ್ರೆಡ್ಡಿನಂತೆ ಉಬ್ಬಿತು.

ಹನ್ನೊಂದಕ್ಕೆ ಸ್ಮಶಾನದಲ್ಲಿ ನದಿಯ ಮಂಜು ಮೊಣಕಾಲುದ್ದ ನಿಂತಿತ್ತು. ಮೇಯರ್ ಮದಾಮ್ ಬೆರ್ತೊ ಫಿರ್ಮಿನ್‌ನನ್ನು ಮುಂದಕ್ಕೆ ತಳ್ಳಿದರು. ಅವನು ಶುರುಮಾಡಿದ:

“ಈ ಕೊರ್ವೋ ಕುಡುಕ! ಪೋಲಿ! ದೇವರನ್ನೂ ಬಿಡ್ಲಿಲ್ಲ, ದೊರೇನೂ ಬಿಡ್ಲಿಲ್ಲ! ಇವನಿದ್ದಷ್ಟು ದಿನ ನಮ್ಮೂರಲ್ಲಿ ದೊಡ್ಡ ಮನುಷ್ಯ ಅನ್ನಿಸಿಕೊಂಡ ಒಬ್ಬನೂ ನೆಮ್ಮದಿಯಾಗಿ ನಿದ್ದೆ ಮಾಡ್ಲಿಲ್ಲ!”

“ರೀ ಫಿರ್ಮಿನ್, ಪ್ಯಾರಿಸ್ ಪತ್ರಿಕೆಯವರಿದಾರೆ!” ಎಂದು ಮೇಯರ್ ಅವನ ಕೋಟು ಜಗ್ಗಿದರು. ಗುಂಡಿ ಕಿತ್ತುಬಂತು.

ಆಗ ಕಾಗೆಗಳೆಲ್ಲ ಒಮ್ಮೆಗೇ ಸುಮ್ಮನಾದವು. ಸಮಾಧಿಯ ಕಲ್ಲಿನಡಿಯಿಂದ ಯಾರೋ ಗಂಟಲು ಸರಿಮಾಡಿಕೊಂಡದ್ದು ಫಿರ್ಮಿನ್ ಒಬ್ಬನಿಗೇ ಕೇಳಿಸಿತು. ಮಿಕ್ಕ ಬೈಗುಳವನ್ನು ಒಂದೇ ಉಸಿರಿಗೆ ಮುಗಿಸಿ ಓಟ ಕಿತ್ತ.

ಮನೆ ಸೇರಿ ಎರಡೂ ಚಿಲಕ ಹಾಕಿದ. “ಹೊಗಳ್ಲಿಲ್ಲ, ಒಂದು ಮಾತೂ ಹೊಗಳ್ಲಿಲ್ಲ” ಎಂದುಕೊಳ್ಳುತ್ತ ಊಟಕ್ಕೆ ಕುಳಿತ. ಎದುರಿನ ಖಾಲಿ ಕುರ್ಚಿ ಮೆಲ್ಲಗೆ ಹಿಂದೆ ಸರಿಯಿತು. ಒದ್ದೆ ಮಣ್ಣಿನ ವಾಸನೆ ಮೇಜಿನ ಮೇಲೆಲ್ಲ ಹರಡಿತು.

“ನೂರೈವತ್ತು ವರ್ಷದಲ್ಲಿ ನನ್ನನ್ನ ಇಷ್ಟು ಚೆನ್ನಾಗಿ ಯಾರೂ ಹೊಗಳಿರ್ಲಿಲ್ಲ ಕಣಯ್ಯ” ಎಂದಿತು ಒಂದು ಹರೆಯದ ದನಿ. “ಆ ಮೇಷ್ಟ್ರದು ಬರೀ ಸಪ್ಪೆ, ಮೂರೇ ದಿನಕ್ಕೆ ಬೇಜಾರಾಯ್ತು. ನಿನ್ನ ಜೊತೆ ಕೊನೇವರೆಗೂ ಇದ್ದುಬಿಡ್ತೀನಿ. ಎಲ್ಲಿ, ಆ ಚೀಸ್ ಈ ಕಡೆ ತಳ್ಳು.”