ಗುಜರಿಗೆ ಹೋದ ಪಟ್ಟದ ಗೊಂಬೆ

ನನ್ನ ಉದ್ಯೋಗವನ್ನು ಹೆಂಡತಿ ಪಾವನಾ ‘ಗುಜರಿ ಕೆಲಸ’ ಎನ್ನುತ್ತಾಳೆ. ಅದೂ ನಾಲ್ಕು ಜನರ ಮುಂದೆ. ಕೊಲ್ಲಿ ದೇಶದ ಮೀನಾ ಅಬ್ದುಲ್ಲಾ ಎಂಬ ಊರಿನಲ್ಲಿ ಮರ, ಲೋಹ, ಗಾಜಿನ ತ್ಯಾಜ್ಯವನ್ನು ವಿಂಗಡಿಸಿ, ಪುಡಿಮಾಡಿ, ಪುನರ್ಜನ್ಮ ಕರುಣಿಸುವ ಯಾರ್ಡಿಗೆ ನಾನು ಸೂಪರ್‌ವೈಸರ್. ಬ್ರಹ್ಮನಿಗೂ ನನಗೂ ಇರುವ ವ್ಯತ್ಯಾಸವೆಂದರೆ ಅವನಿಗೆ ಹೆಲ್ಮೆಟ್ ಇಲ್ಲ. (ಇದನ್ನು ಮನೆಯಲ್ಲಿ ಒಮ್ಮೆ ಹೇಳಿದೆ. ಅವತ್ತು ನನ್ನ ತಟ್ಟೆಗೆ ಹಪ್ಪಳ ಬೀಳಲಿಲ್ಲ.)

ಅವಳ ಬಾಯಿ ಮುಚ್ಚಿಸಲು ಘನ ಯೋಜನೆಯೊಂದನ್ನು ಹೂಡಿದೆ. ಸಲ್ವಾ ಬಡಾವಣೆಯಲ್ಲಿ ನಾವಿರುವ ಕಟ್ಟಡದಲ್ಲೇ ಪ್ರಾಯೋಗಿಕ ಸಂಗ್ರಹ! ಶನಿವಾರ ಬೆಳಿಗ್ಗೆ ಹತ್ತಕ್ಕೆ ಯಾರ ಮನೆಬಾಗಿಲ ಹೊರಗೆ ಮರ, ಲೋಹ, ಗಾಜು ಕಂಡರೂ ನಮ್ಮ ಕೆಲಸದವರು ಎತ್ತಿ ಲಾರಿಗೆ ಹಾಕುವುದು. ಎಲ್ಲ ಮನೆಗೂ ಚೀಟಿ ಹಂಚಿದೆ. ನಮ್ಮ ಮನೆಗೆ ಚೀಟಿ ಯಾಕೆ, ಬಾಯಲ್ಲೇ ಹೇಳಿದರಾಯಿತು ಅಂದುಕೊಂಡೆ. ಹೇಳಿದೆ ಕೂಡ. ಆಗ ಮಿಕ್ಸಿ ಓಡುತ್ತಿತ್ತು.

ಶನಿವಾರ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಲಾರಿಯ ಪಕ್ಕ ನಿಂತೆ. ಇಳಿದು ಬಂದ ಸಾಮಾನು ನೋಡಿ ರೋಮಾಂಚನವಾಯಿತು. ಫಳಫಳಿಸುವ ಸ್ಟೀಲ್ ಡಬ್ಬಗಳು, ನಿಲುವುಗನ್ನಡಿ, ಮರದ ಪೆಟ್ಟಿಗೆ! ಎಂಥೆಂಥದ್ದನ್ನು ಬಿಸಾಡುತ್ತಾರಪ್ಪ ಈ ಜನ, ಕೊಬ್ಬು ಜಾಸ್ತಿ ಎಂದು ಕೆಲಸದವರ ಮುಖ್ಯಸ್ಥ ಡ್ಯಾನಿಯಲ್‌ಗೆ ಸಣ್ಣ ಭಾಷಣವನ್ನೇ ಬಿಗಿದೆ. ಕೊನೆಗೆ ಮರದ ಆರಾಮ ಕುರ್ಚಿಯೊಂದು ಬಂತು. ಥೇಟ್ ನನ್ನದರ ಹಾಗೇ, ಎಡ ತೋಳಿನ ಮೇಲೆ ಅದೇ ಕಾಫಿ ಕಲೆ. ಈ ಕಟ್ಟಡದಲ್ಲಿ ಇನ್ನೊಬ್ಬ ರಸಿಕನಿದ್ದಾನೆ ಎಂದು ಹೆಮ್ಮೆಪಟ್ಟು, ಲೋಡಿನ ಚೀಟಿಗೆ ಸಹಿ ಹಾಕಿ, ‘ಯಲ್ಲಾ’, ಹೊರಡಿ ಎಂದು ಲಾರಿಯ ಬೆನ್ನು ತಟ್ಟಿದೆ.

ಲಾರಿ ತಿರುವು ದಾಟುವುದಕ್ಕೂ ಪಾವನಾ ಒದ್ದೆ ಮಾಪ್ ಹಿಡಿದು ಇಳಿದು ಬರುವುದಕ್ಕೂ ಸರಿಹೋಯಿತು. ದಸರಾ ಬಂತೆಂದು ಮನೆ ಒರೆಸಲು ಸಾಮಾನೆಲ್ಲ ಕಾರಿಡಾರಿಗೆ ಹಾಕಿ, ಅವಳು ಒಳಕೋಣೆಯಲ್ಲಿ ನೆಲ ಉಜ್ಜುತ್ತಿದ್ದಳಂತೆ. ಮರದ ಪೆಟ್ಟಿಗೆಯಲ್ಲಿದ್ದದ್ದು ಪಟ್ಟದ ಗೊಂಬೆ. ಮದುವೆಯಲ್ಲಿ ಅವಳ ತಾಯಿ ಕೊಟ್ಟಿದ್ದ ಮರದ ರಾಜ-ರಾಣಿ. ಸಂಜೆ ಗೊಂಬೆ ಕೂರಿಸಬೇಕು, ಹದಿನೈದು ಮನೆಯವರನ್ನು ಅರಿಶಿನ ಕುಂಕುಮಕ್ಕೆ ಕರೆದಾಗಿದೆ. ಯಾರ್ಡಿನಲ್ಲಿ ಮರ ಪುಡಿಮಾಡುವ ಯಂತ್ರ ಶುರುವಾಗುವುದು ಹನ್ನೆರಡಕ್ಕೆ!

“ಅಮ್ಮನ ಗೊಂಬೆಗೆ ಏನಾದ್ರೂ ಆದ್ರೆ ನಾನು ಸುಮ್ನಿರಲ್ಲ ರೀ,” ಎಂದಳು. ಕಣ್ಣಲ್ಲಿ ನೀರಿತ್ತು.

ಡ್ಯಾನಿಯಲ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಲಾರಿಯಲ್ಲಿ ಕೂತವರು ಫೋನ್ ಮುಟ್ಟಕೂಡದೆಂದು ಆಜ್ಞೆ ಹೊರಡಿಸಿದ್ದವನು ನಾನೇ. ಕಾರಿನ ಕೀ ನೇತುಹಾಕುವ ಮರದ ಸ್ಟ್ಯಾಂಡೂ ಕೀ ಸಮೇತ ಲಾರಿ ಏರಿತ್ತು. ಟ್ಯಾಕ್ಸಿ ಹಿಡಿದು ಓಡಿದೆವು.

ಯಾರ್ಡ್ ತಲುಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ನಮ್ಮ ಸಂಸಾರ ಮೂರು ರಾಶಿಗಳಾಗಿ, ಒಂದು ಚಮಚವೂ ತಪ್ಪದಂತೆ ವಿಂಗಡಣೆಯಾಗಿತ್ತು. (ಇಷ್ಟು ಚೆನ್ನಾಗಿ ತರಬೇತಿ ಕೊಡಬಾರದಿತ್ತು.) ನಾನು ರಾಶಿಗೆ ನುಗ್ಗಲು ಹೋದರೆ ಡ್ಯಾನಿಯಲ್ ಅಡ್ಡ ನಿಂತ.

“ವಿಂಗಡಿಸಿದ ರಾಶಿಯಿಂದ ಸ್ಟಾಫ್ ಏನೂ ತೆಗೀಲಿಕ್ಕಿಲ್ಲ ಸರ್. ಬೋರ್ಡಲ್ಲಿ ನೀವೇ ಬರ್ದದ್ದು. ಮೇಡಂ ಸ್ಟಾಫ್ ಅಲ್ಲ, ಅವ್ರಿಗೆ ಆಗ್ತದೆ.”

ಪಾವನಾ ಸೆರಗು ಸಿಕ್ಕಿಸಿ ರಾಶಿ ಹತ್ತಿಯೇಬಿಟ್ಟಳು. ಪೆಟ್ಟಿಗೆ ಸಿಕ್ಕಿತು. ರಾಜನ ಕಿರೀಟ, ರಾಣಿಯ ಮೂಗು ಎಲ್ಲ ನೆಟ್ಟಗಿವೆಯೇ ನೋಡಿ ಎದೆಗವಚಿಕೊಂಡಳು. ಆಮೇಲೆ ಡಬ್ಬ, ಕನ್ನಡಿ, ಕೀ ಸ್ಟ್ಯಾಂಡು ಒಂದೊಂದಾಗಿ ಈಚೆ ಬಂದವು. ನಾನು ರಾಶಿಯ ಸುತ್ತ ಎಳೆದ ಹಳದಿ ಗೆರೆಯ ಹೊರಗೆ ನಿಂತು ಚಪ್ಪಾಳೆ ತಟ್ಟಿದೆ.

“ನನ್ನ ಕುರ್ಚಿ ಕಣೇ,” ಎಂದು ನೆನಪಿಸಿದೆ.

ಅವಳು ಕುರ್ಚಿಯನ್ನೇ ನೋಡಿದಳು. ಒಂಬತ್ತು ವರ್ಷದಿಂದ ಅದನ್ನು ಮನೆಯಿಂದ ಸಾಗಹಾಕಲು ಅವಳು ಮಾಡದ ಪ್ರಯತ್ನವಿಲ್ಲ.

“ಡ್ಯಾನಿಯಲ್, ಇದೊಂದು ಇಲ್ಲೇ ಇರ್ಲಿ. ನನ್ನ ಕಣ್ಮುಂದೇನೇ ಆಗೋಗ್ಲಿ,” ಎಂದಳು.

ಹನ್ನೆರಡು ಹೊಡೆಯಿತು. ಕುರ್ಚಿ ಯಂತ್ರದ ಬಾಯಿಗೆ ಬಂದು ಕೂತಿತು. ನಾನು ಯಾರ್ಡಿನಲ್ಲಿದ್ದಾಗ ಯಂತ್ರದ ಹಸಿರು ಗುಂಡಿಯನ್ನು ಸೂಪರ್‌ವೈಸರ್ ಬಿಟ್ಟು ಬೇರಾರೂ ಒತ್ತುವಂತಿಲ್ಲ. ಡ್ಯಾನಿಯಲ್ ಬಹಳ ಮರ್ಯಾದೆಯಿಂದ ನನ್ನನ್ನು ಗುಂಡಿಯ ಹತ್ತಿರ ಕರೆದೊಯ್ದ. ಪಾವನಾ ರಾಜ-ರಾಣಿಯರನ್ನು ಪೆಟ್ಟಿಗೆಯಿಂದ ತೆಗೆದು, ಅವರಿಗೂ ಚೆನ್ನಾಗಿ ಕಾಣಲೆಂದು ಮುಖವನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

ನಾನು ಒತ್ತಿದೆ.