ಸಸ್ಯೋದ್ಯಾನದ ಇತಿಹಾಸ ಕೇಳುವಾಗ ಕಡ್ಡಿ ಮುರಿಯದಿರುವ ಬಗ್ಗೆ

ಸಂಖ್ಯೆ: ಶೈ.ಪ್ರ/ಸಸ್ಯ/ಕಡ್ಡಿ/07/2025-26

ಸುತ್ತೋಲೆ

ವಿಷಯ: ಸಮುದ್ರ ತೀರದ ಸಸ್ಯೋದ್ಯಾನಕ್ಕೆ ಸಿಬ್ಬಂದಿಯ ಅಧ್ಯಯನ ಪ್ರವಾಸ, ಅಲ್ಲಿ ಪಾಲಿಸಬೇಕಾದ ಶಿಸ್ತು, ಹಾಗೂ ಬಿಳಿಚೋಡಿನಲ್ಲಿರುವ ಒಂದು ದಾಸವಾಳ ಗಿಡದ ಮುಂದಿನ ಗತಿ ಕುರಿತು.

ಉಲ್ಲೇಖ: 1) ಹಿಂದಿನ ಪ್ರವಾಸದ ವರದಿ (ಮೂರು ಸಾಲು).
2) ಸಸ್ಯೋದ್ಯಾನದ ಮೇಲ್ವಿಚಾರಕರ ಪತ್ರ.
3) ಅದೇ ಮೇಲ್ವಿಚಾರಕರ ಇನ್ನೊಂದು ಪತ್ರ, ದನಿ ಸ್ವಲ್ಪ ಏರಿದ್ದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ನಮ್ಮ ಸಿಬ್ಬಂದಿಯು ಹಿಂದೊಮ್ಮೆ ಸದರಿ ಸಸ್ಯೋದ್ಯಾನಕ್ಕೆ ಭೇಟಿ ನೀಡಿ, ಅದರ ಇತಿಹಾಸವನ್ನು ತಿಳಿದುಕೊಂಡು ಬಂದಿರುತ್ತಾರೆ. ಇತಿಹಾಸದ ಜೊತೆಗೆ ಬೇರೆ ವಸ್ತುಗಳನ್ನೂ ತಂದಿರುವುದು ಈಗ ಬೆಳಕಿಗೆ ಬಂದಿರುತ್ತದೆ. ಈ ವರ್ಷವೂ ಪ್ರವಾಸವನ್ನು ಉದ್ದೇಶಿಸಿರುವುದರಿಂದ ಮತ್ತು ಈ ವಿಷಯದಲ್ಲಿ ಕಚೇರಿಗೆ ಸರಿಯಾಗಿ ನಿದ್ದೆ ಬಾರದಿರುವುದರಿಂದ, ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ.

1. ಉದ್ಯಾನದ ಇತಿಹಾಸವನ್ನು ವಿವರಿಸುತ್ತಿರುವಾಗ ಯಾರೂ ಸಮುದ್ರದ ಕಡೆಗೆ ನೋಡತಕ್ಕದ್ದಲ್ಲ, ಓಡತಕ್ಕದ್ದಂತೂ ಅಲ್ಲವೇ ಅಲ್ಲ. ಹಿಂದಿನ ಸಲ ಬಸ್ಸು ನಿಲ್ಲುವ ಮೊದಲೇ ಜಗಳೂರಿನ ತಂಡ ನೀರಿನಲ್ಲಿ ಇಳಿದಿದ್ದು ಗಮನಕ್ಕೆ ಬಂದಿದೆ. ವಿವರಣೆ ಮುಗಿಯುವವರೆಗೆ ಸಮುದ್ರವು ಎಲ್ಲಿಗೂ ಹೋಗುವುದಿಲ್ಲವೆಂದು ಉದ್ಯಾನದವರು ಲಿಖಿತ ಖಾತರಿ ನೀಡಿರುತ್ತಾರೆ.

2. ವಿವರಣೆಯ ಕೊನೆಗೆ ಪ್ರಶ್ನೆ ಕೇಳಲು ಅವಕಾಶವಿರುತ್ತದೆ. ಪ್ರಶ್ನೆಯು ಇತಿಹಾಸಕ್ಕೆ ಸಂಬಂಧಿಸಿರತಕ್ಕದ್ದು. ಬಸವಾಪಟ್ಟಣದ ಪ್ರಥಮ ದರ್ಜೆ ಸಹಾಯಕ ಶ್ರೀ ಷಣ್ಮುಖಪ್ಪ ಅವರು ಹಿಂದಿನ ಸಲ ಕೇಳಿದ “ಇಷ್ಟು ನೀರು ಇಟ್ಕಂಡು ಬರೀ ಹೂವು ಬೆಳೀತೀರಲ್ರೀ, ಬೇಲಿ ಗುಂಟ ಒಂದ್ ಸಾಲು ಅಡಿಕೆ ಹಾಕಾಕೆ ಏನ್ ಧಾಡಿ?” ಎಂಬುದನ್ನು ಪ್ರಶ್ನೆಯೆಂದು ಪರಿಗಣಿಸಲಾಗಿಲ್ಲ.

3. ಉದ್ಯಾನದ ಮಾರ್ಗದರ್ಶಿ ಶ್ರೀ ಓಂಕಾರ್ ಅವರು ವಿವರಿಸಿದಂತೆ, ಉದ್ಯಾನವನ್ನು ಸ್ಥಾಪಿಸಿದವರು ಹಿಂದಿನ ಕಾಲದ ಒಬ್ಬ ಬಂದರು ಅಧಿಕಾರಿ. ಬೆಳಗ್ಗೆ ಹಳದಿಯಾಗಿ ಅರಳಿ ಸಂಜೆಗೆ ಕೆಂಪಾಗುವ ದಾಸವಾಳವನ್ನು ದೂರದ ದ್ವೀಪವೊಂದರಲ್ಲಿ ಕಂಡ ಅವರು, ಅಲ್ಲಿಯ ಕಾವಲುಗಾರರ ಕಣ್ಣು ತಪ್ಪಿಸಿ ಒಂದು ಕಡ್ಡಿ ಮುರಿದು, ಒದ್ದೆ ಬಟ್ಟೆ ಸುತ್ತಿ, ಕೊಡೆಯ ಟೊಳ್ಳು ಕಾವಿನೊಳಗೆ ಅಡಗಿಸಿ ಹಡಗಿನಲ್ಲಿ ತಂದು ನೆಟ್ಟರು. ಆ ಕಡ್ಡಿಯೇ ಉದ್ಯಾನದ ಮೊದಲ ಗಿಡ. ಈ ಭಾಗವನ್ನು ಶ್ರೀ ಓಂಕಾರ್ ಅವರು ಹೆಮ್ಮೆಯಿಂದ, ಅಭಿನಯಸಹಿತ ಹೇಳಿದ್ದು, ಇಡೀ ಪ್ರವಾಸದಲ್ಲಿ ನಮ್ಮ ಸಿಬ್ಬಂದಿ ಬಾಯಿ ಮುಚ್ಚಿಕೊಂಡು ಕೇಳಿದ ಏಕೈಕ ಭಾಗ ಇದೇ ಆಗಿರುತ್ತದೆ. ಆದ್ದರಿಂದ ಇನ್ನು ಮುಂದೆ ಸಿಬ್ಬಂದಿಯು ಇತಿಹಾಸವನ್ನು ಕೇಳತಕ್ಕದ್ದು. ಅದರಿಂದ ಪಾಠ ಕಲಿಯತಕ್ಕದ್ದಲ್ಲ.

4. “ಸುಮ್ನೆ ಕೈ ತಾಗಿಸ್ದೆ ರೀ, ಅದೇ ಕೈಗೆ ಬಂತು” ಎಂಬ ಸಮಜಾಯಿಷಿಯು ಕಡ್ಡಿ ಮುರಿದು ತಂದವರಿಂದ, ನಾಲ್ಕೂ ತಾಲ್ಲೂಕುಗಳಿಂದ ಒಂದಕ್ಷರ ವ್ಯತ್ಯಾಸವಿಲ್ಲದೆ ಬಂದಿರುತ್ತದೆ. ತಾನಾಗಿಯೇ ಕೈಗೆ ಬರುವ ಸ್ವಭಾವದ ಸಸ್ಯ ಯಾವುದೂ ತಮ್ಮಲ್ಲಿ ಇಲ್ಲವೆಂದು ಉದ್ಯಾನದ ತಜ್ಞರು ದೃಢಪಡಿಸಿರುತ್ತಾರೆ.

5. ತುರುಬಿನಲ್ಲಿ ಹೂವು ಮುಡಿಯಲು ಅಡ್ಡಿಯಿಲ್ಲ. ಆದರೆ ಮುಡಿದ ಹೂವಿನ ತೊಟ್ಟು ಗೇಣುದ್ದಕ್ಕಿಂತ ಹೆಚ್ಚಿದ್ದಲ್ಲಿ ಅದನ್ನು ಹೂವೆಂದು ಒಪ್ಪಲಾಗುವುದಿಲ್ಲ. ಚಟ್ನಿಪುಡಿ ಡಬ್ಬಿಯೊಳಗೆ ಚಟ್ನಿಪುಡಿಯೇ ಇರತಕ್ಕದ್ದು. ಯಾವುದೇ ಋತುವಿನಲ್ಲಿ ಕೊಡೆ ಒಯ್ಯತಕ್ಕದ್ದಲ್ಲ. ಮಳೆ ಬಂದಲ್ಲಿ ನೆನೆಯಲು ಈ ಸುತ್ತೋಲೆಯೇ ಅನುಮತಿ ಪತ್ರವಾಗಿರುತ್ತದೆ.

6. ಇಷ್ಟಾಗಿಯೂ ಪ್ರಕರಣದ ಮೂಲ ಇನ್ನೂ ಬಾಕಿ ಇದೆ. ಜಗಳೂರು ಕಚೇರಿಯ ದ್ವಿತೀಯ ದರ್ಜೆ ಸಹಾಯಕಿ, ಬಿಳಿಚೋಡು ವಾಸಿ ಶ್ರೀಮತಿ ಲಕ್ಷ್ಮಿದೇವಿ ಅವರು ಸದರಿ ದಾಸವಾಳದ ಕಡ್ಡಿಯೊಂದನ್ನು ಟಿಫನ್ ಡಬ್ಬಿಯಲ್ಲಿ ತಂದು ಎಣ್ಣೆ ಡಬ್ಬಿಯಲ್ಲಿ ನೆಟ್ಟಿರುತ್ತಾರೆ. ಅದು ಚಿಗುರಿ, ಕೆಲವು ತಿಂಗಳ ಹಿಂದೆ ಮೊದಲ ಹೂವು ಬಿಟ್ಟಿರುತ್ತದೆ. ಸಂತೋಷ ತಡೆಯಲಾರದೆ ಅವರು ಬೆಳಗ್ಗೆ ಹಳದಿ, ಸಂಜೆ ಕೆಂಪು, ಎರಡೂ ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿರುತ್ತಾರೆ. ಗುಂಪಿನ ಫೋಟೋ ಕಳುಹಿಸುವ ಸಲುವಾಗಿ ಪ್ರವಾಸದ ದಿನ ಅವರ ನಂಬರ್ ಪಡೆದಿದ್ದ ಶ್ರೀ ಓಂಕಾರ್ ಅವರು ಅದನ್ನು ನೋಡಿರುತ್ತಾರೆ.

7. ಕಾರಣ ಕೇಳಿ ನೀಡಿದ ನೋಟಿಸಿಗೆ ಶ್ರೀಮತಿ ಲಕ್ಷ್ಮಿದೇವಿ ಅವರು ಖುದ್ದಾಗಿ ಹಾಜರಾಗಿ ನೀಡಿದ ಉತ್ತರ: “ಅಲ್ರೀ ಮೇಡಂ, ಆವಯ್ಯ ಕೊಡೆಯಾಗೆ ತಂದ್ರೆ ಇತಿಹಾಸ, ನಾನು ಟಿಫನ್ ಡಬ್ಬಿಯಾಗೆ ತಂದ್ರೆ ಕಳ್ಳತನ ಹೆಂಗಾಗ್ತೈತೆ?” ಇದಕ್ಕೆ ಪ್ರತ್ಯುತ್ತರವನ್ನು ಮೇಲಧಿಕಾರಿಗಳಿಂದ ನಿರೀಕ್ಷಿಸಲಾಗುತ್ತಿದೆ. ಮೇಲಧಿಕಾರಿಗಳು ತಮ್ಮ ಮೇಲಧಿಕಾರಿಗಳಿಂದ ನಿರೀಕ್ಷಿಸುತ್ತಿರುತ್ತಾರೆ.

8. ಪ್ರಕರಣ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಕಳೆದ ಮಳೆಗಾಲದ ಬಿರುಗಾಳಿಯಲ್ಲಿ ಸಮುದ್ರದ ಉಪ್ಪುನೀರು ಉದ್ಯಾನಕ್ಕೆ ನುಗ್ಗಿ, ಸ್ಥಾಪಕರು ನೆಟ್ಟ ಮೂಲ ಗಿಡ ಒಣಗಿಹೋಗಿರುತ್ತದೆ. ಅದರ ಹೆಸರಿನ ಬೋರ್ಡು ಮಾತ್ರ ಉಳಿದಿದ್ದು, ಶ್ರೀ ಓಂಕಾರ್ ಅವರು ಈಗ ಬೋರ್ಡಿಗೇ ಕೈ ತೋರಿಸಿ ಇತಿಹಾಸ ಹೇಳುತ್ತಿರುತ್ತಾರೆ. ಆ ಜಾತಿಯ ಜೀವಂತ ಗಿಡ ಅವರಿಗೆ ತಿಳಿದಂತೆ ಬಿಳಿಚೋಡಿನ ಎಣ್ಣೆ ಡಬ್ಬಿಯಲ್ಲಿ ಮಾತ್ರ ಇದೆ. ಗಿಡವನ್ನು ಡಬ್ಬಿಸಮೇತ ಹಿಂದಿರುಗಿಸುವವರೆಗೆ ನಾಲ್ಕು ತಾಲ್ಲೂಕುಗಳ ಯಾರನ್ನೂ ಗೇಟಿನೊಳಗೆ ಬಿಡುವುದಿಲ್ಲವೆಂದು ಉಲ್ಲೇಖ (3)ರಲ್ಲಿ ತಿಳಿಸಲಾಗಿದೆ.

9. ಇದರಿಂದ ಸಿಬ್ಬಂದಿಯಲ್ಲಿ ಒಡಕು ಉಂಟಾಗಿರುತ್ತದೆ. ಹೊನ್ನಾಳಿ ಮತ್ತು ನ್ಯಾಮತಿಯವರು ಒಟ್ಟಾಗಿ ಫೋನ್ ಮಾಡಿ “ಲಕ್ಷ್ಮಕ್ಕಾ, ಒಂದ್ ಗಿಡದ ಸಲುವಾಗಿ ನಮ್ಮೆಲ್ಲರ ಸಮುದ್ರ ತಪ್ಪಿಸ್ತೀಯಲ್ಲ ತಾಯೀ” ಎಂದಿರುತ್ತಾರೆ. ಶ್ರೀಮತಿ ಲಕ್ಷ್ಮಿದೇವಿ ಅವರು, “ನಲ್ಲಿ ಬರದ ದಿನ ಪಾತ್ರೆ ತೊಳೆದ ನೀರು ಹಾಕಿ ಉಳಿಸೀನಿ. ಮಕ್ಕಳಿಗಿಂತ ಮೊದ್ಲು ಅದಕ್ಕೆ ಕುಡಿಸೀನಿ. ಡಬ್ಬಿ ಎತ್ತಾಕೆ ಯಾರು ಬರ್ತೀರೋ ಬರ್ರಿ, ನನ್ನೂ ಜತೆಗೆ ಎತ್ತಿಕೊಂಡು ಹೋಗ್ರಿ” ಎಂದು ಉತ್ತರಿಸಿರುತ್ತಾರೆ. ಎತ್ತಲು ಯಾರೂ ಮುಂದೆ ಬಂದಿರುವುದಿಲ್ಲ.

10. ಈ ಕಚೇರಿಯು ಹಲವು ಸಲ ಫೋನಿನಲ್ಲಿ ಬೇಡಿಕೊಂಡ ಮೇಲೆ, ಗಿಡದ ಬದಲು ಒಂದು ಕಡ್ಡಿ ಸಿಕ್ಕಿ ಅದು ಉದ್ಯಾನದಲ್ಲಿ ಚಿಗುರಿದರೂ ಸಾಕೆಂದು ಮೇಲ್ವಿಚಾರಕರು ಒಪ್ಪಿರುತ್ತಾರೆ. ಅದರಂತೆ ಶ್ರೀ ಓಂಕಾರ್ ಅವರು ಬಸ್ಸಿನಲ್ಲಿ ಬಿಳಿಚೋಡಿಗೆ ಬಂದು ವಿನಯದಿಂದ ಕೇಳಿರುತ್ತಾರೆ. ಶ್ರೀಮತಿ ಲಕ್ಷ್ಮಿದೇವಿ ಅವರು ತಮ್ಮ ಕೈಯಾರೆ ಒಳ್ಳೆಯ ಕಡ್ಡಿ ಆರಿಸಿ, ಮುರಿದು, ಒದ್ದೆ ಬಟ್ಟೆ ಸುತ್ತಿ, ಊಟವನ್ನೂ ಹಾಕಿ ಕಳುಹಿಸಿರುತ್ತಾರೆ. ಕಡ್ಡಿ ಒಣಗಿರುತ್ತದೆ. ಮತ್ತೊಮ್ಮೆ ಬಂದು ಒಯ್ದದ್ದೂ ಒಣಗಿರುತ್ತದೆ. ಬೇರು ಬರಿಸುವ ಪುಡಿ, ನೆರಳುಬಲೆ, ತುಂತುರು ನೀರು, ಯಾವುದರಿಂದಲೂ ಪ್ರಯೋಜನವಾಗಿರುವುದಿಲ್ಲ.

11. ಮೂರನೆಯ ಸಲ ಬಂದ ಶ್ರೀ ಓಂಕಾರ್ ಅವರಿಗೆ, ಶ್ರೀಮತಿ ಲಕ್ಷ್ಮಿದೇವಿ ಅವರ ಅತ್ತೆ ಶ್ರೀಮತಿ ಅಂತರಘಟ್ಟಮ್ಮ ಅವರು ಜಗಲಿ ಮೇಲಿನಿಂದಲೇ ನೀಡಿದ ತಾಂತ್ರಿಕ ಸಲಹೆ: “ಏ ತಮ್ಮಾ, ಕೇಳಿ ಇಸ್ಕಂಡ ಕಡ್ಡಿ ಎಲ್ಲಾದ್ರೂ ಚಿಗುರ್ತೈತಾ? ಮನೆಯವ್ರ ಕಣ್ಣಿಗೆ ಬೀಳದಂಗೆ ಮುರ್ಕಂಡು ಓಡ್ಬೇಕು. ಅಷ್ಟ್ ದೊಡ್ಡ ತೋಟದಾಗೆ ಕೆಲಸ ಮಾಡ್ತೀಯ, ಇದೂ ತಿಳೀದಾ?” ಇದಕ್ಕೆ ಕರಾವಳಿಯವರಾದ ಶ್ರೀ ಓಂಕಾರ್ ಅವರು, “ಕಡ್ಡಿ ಮುರಿಯುವವರನ್ನು ಹಿಡಿಯುವುದೇ ನನ್ನ ಕೆಲಸ ಅಮ್ಮಾ, ನಾನೇ ಮುರಿಯುವುದು ಹೇಗೆ ಮಾರಾಯ್ರೆ?” ಎಂದು ಬರಿಗೈಯಲ್ಲಿ ಹಿಂದಿರುಗಿರುತ್ತಾರೆ.

12. ಸದರಿ ಸಲಹೆಗೆ ಯಾವುದೇ ನಿಯಮಾವಳಿಯಲ್ಲಿ ಅವಕಾಶ ಕಂಡುಬಂದಿರುವುದಿಲ್ಲ. ನಿಷೇಧವೂ ಕಂಡುಬಂದಿರುವುದಿಲ್ಲ. ಗಿಡವನ್ನು ಲಕ್ಷ್ಮಿದೇವಿ ಅವರಿಂದ ಕಿತ್ತುಕೊಳ್ಳಬಾರದು, ಸಿಬ್ಬಂದಿಗೆ ಸಮುದ್ರವೂ ತಪ್ಪಬಾರದು ಎಂಬುದನ್ನು ಗಮನದಲ್ಲಿಟ್ಟುಕೊಂಡು, ಕೂಲಂಕಷ ಪರಿಶೀಲನೆಯ ನಂತರ ಕೆಳಕಂಡಂತೆ ಆದೇಶಿಸಲಾಗಿದೆ.

(ಅ) ಬರುವ ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಶ್ರೀ ಓಂಕಾರ್ ಅವರು ಬೇರೆ ಯಾವುದೋ ಕೆಲಸಕ್ಕೆ ಬಂದವರಂತೆ ಶ್ರೀಮತಿ ಲಕ್ಷ್ಮಿದೇವಿ ಅವರ ಮನೆಯ ಬೀದಿಯಲ್ಲಿ ಹಾದುಹೋಗತಕ್ಕದ್ದು. ಯಾರಾದರೂ “ಬರ್ರಿ, ಚಾ ಕುಡ್ದು ಹೋಗೀರಂತೆ” ಎಂದು ಕರೆದಲ್ಲಿ ಅಂದಿನ ಕಾರ್ಯಕ್ರಮ ರದ್ದಾಗುತ್ತದೆ.

(ಆ) ಆ ವೇಳೆಯಲ್ಲಿ ಶ್ರೀಮತಿ ಲಕ್ಷ್ಮಿದೇವಿ ಅವರು ಹಿಟ್ಟಿನ ಗಿರಣಿಯಲ್ಲಿ ಇರತಕ್ಕದ್ದು, ಬೀಸಲು ಏನೂ ಇಲ್ಲದಿದ್ದರೂ. ದಾರಿಯಲ್ಲಿ ಹಿಂದಿರುಗಿ ನೋಡತಕ್ಕದ್ದಲ್ಲ. ಇದು ಅವರಿಗೆ ಕಷ್ಟವೆಂದು ಕಚೇರಿಗೆ ತಿಳಿದಿದೆ.

(ಇ) ಶ್ರೀಮತಿ ಅಂತರಘಟ್ಟಮ್ಮ ಅವರನ್ನು ಜಗಲಿಯಿಂದ ಎಬ್ಬಿಸುವುದು ಯಾರಿಂದಲೂ ಸಾಧ್ಯವಾಗದ ಕಾರಣ, ಅವರು ಕುಳಿತಲ್ಲಿಯೇ ತೂಕಡಿಸತಕ್ಕದ್ದು. ಒಂದು ಕಣ್ಣು ತೆರೆದಿರಲು ಅವರು ಕೋರಿದ್ದ ಅನುಮತಿಯನ್ನು ನಿರಾಕರಿಸಲಾಗಿದೆ.

(ಈ) ಶ್ರೀ ಓಂಕಾರ್ ಅವರಿಗೆ ಅನುಭವವಿಲ್ಲದ ಕಾರಣ, ಶನಿವಾರದಂದು ಶ್ರೀ ಷಣ್ಮುಖಪ್ಪ ಅವರು ಕಡ್ಡಿ ಮುರಿಯುವ ತರಬೇತಿ ನೀಡತಕ್ಕದ್ದು. ಈ ವಿದ್ಯೆಗಾಗಿಯೇ ಅವರಿಗೆ ನೀಡಿದ್ದ ನೋಟಿಸನ್ನು ತರಬೇತಿ ಮುಗಿಯುವವರೆಗೆ ಅಮಾನತಿನಲ್ಲಿಡಲಾಗಿದೆ.

(ಉ) ರಶೀದಿ, ಮಹಜರು, ಹಾರ, ಗುಂಪಿನ ಫೋಟೋ ಯಾವುದೂ ಇರತಕ್ಕದ್ದಲ್ಲ. ಸ್ಟೇಟಸ್ ಹಾಕತಕ್ಕದ್ದಲ್ಲ.

13. ಗಿಡವು ಬಿಳಿಚೋಡಿನಲ್ಲಿಯೇ ಉಳಿಯತಕ್ಕದ್ದು. ಉದ್ಯಾನದಲ್ಲಿ ಕಡ್ಡಿ ಚಿಗುರಿದ ಸುದ್ದಿ ಬಂದ ಕೂಡಲೇ ಪ್ರವಾಸದ ದಿನಾಂಕವನ್ನು ಪ್ರಕಟಿಸಲಾಗುವುದು. ಅಲ್ಲಿಯವರೆಗೆ ಯಾರೂ ಈಜುಡುಗೆ ಖರೀದಿಸತಕ್ಕದ್ದಲ್ಲ.

ಮೇಲ್ಕಂಡ ಸೂಚನೆಗಳನ್ನು ಓದಿದ ಸಿಬ್ಬಂದಿಯು, ಭಾನುವಾರದ ಮಟ್ಟಿಗೆ ಅವುಗಳನ್ನು ಓದಿಲ್ಲವೆಂಬಂತೆ ನಡೆದುಕೊಳ್ಳಲು ಕೋರಿದೆ.

(ಸಹಿ)
ಉಷಾರಾಣಿ
ಅಧೀಕ್ಷಕರು

ಪ್ರತಿಗಳು:
1. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಚೇರಿಗಳ ಸೂಚನಾ ಫಲಕಕ್ಕೆ, ಸೋಮವಾರ ಅಂಟಿಸಲು.
2. ಸಸ್ಯೋದ್ಯಾನದ ಮೇಲ್ವಿಚಾರಕರಿಗೆ, ಮಾಹಿತಿಗಾಗಿ ಮತ್ತು ಸಮಾಧಾನಕ್ಕಾಗಿ.
3. ಶ್ರೀ ಓಂಕಾರ್ ಅವರಿಗೆ, ಧೈರ್ಯಕ್ಕಾಗಿ.
4. ಶ್ರೀ ಷಣ್ಮುಖಪ್ಪ ಅವರಿಗೆ, ಪಾಠ ಸಿದ್ಧಪಡಿಸಿಕೊಳ್ಳಲು.
5. ಬಿಳಿಚೋಡಿನ ಹಿಟ್ಟಿನ ಗಿರಣಿಯವರಿಗೆ, ಭಾನುವಾರ ತೆರೆದಿರುವಂತೆ ಕೋರಿ.
6. ಶ್ರೀಮತಿ ಲಕ್ಷ್ಮಿದೇವಿ ಅವರಿಗೆ, ಗಿರಣಿಗೆ ಹೊರಟ ಮೇಲೆ ತಲುಪುವಂತೆ.
7. ಶ್ರೀಮತಿ ಅಂತರಘಟ್ಟಮ್ಮ ಅವರಿಗೆ ಪ್ರತಿ ಕಳುಹಿಸಿರುವುದಿಲ್ಲ. ಅವರು ನಿದ್ದೆಯಲ್ಲಿರುತ್ತಾರೆ.